ಎರಡು ಮೆಶ್‌ಗಳ ನಡುವಿನ ಶಾಖೆಯಲ್ಲಿ ಕರೆಂಟ್ ಸೋರ್ಸ್ ಇದ್ದರೆ ಸಮೀಕರಣ ಬರೆಯುವುದು ಹೇಗೆ?

ಎರಡು ಮೆಶ್‌ಗಳು (ಒಳಗೆ ಬೇರೆ ಸುತ್ತು ಇಲ್ಲದ, ಸರ್ಕ್ಯೂಟಿನ ಮುಚ್ಚಿದ ಸುತ್ತುಗಳು) ಹಂಚಿಕೊಂಡಿರುವ ಶಾಖೆಯಲ್ಲಿ ಕರೆಂಟ್ ಸೋರ್ಸ್ ಇದ್ದಾಗ ಆ ಶಾಖೆಯನ್ನು ಬಿಟ್ಟು ಹೊರಗಿನಿಂದ ಸುತ್ತಿ ಸಮೀಕರಣ ಬರೆಯುವುದು ಹೇಗೆ ಸರಿಯಾಗುತ್ತದೆ, ಹಾಗೆ ಮಾಡಿದಾಗ ಕಡಿಮೆ ಬೀಳುವ ಒಂದು ಸಮೀಕರಣವನ್ನು ಎಲ್ಲಿಂದ ತರಬೇಕು ಎಂದು ನೀವು ಕೇಳಿದ್ದೀರಿ. ಹೀಗೆ ಎರಡು ಮೆಶ್‌ಗಳನ್ನು ಸೇರಿಸಿ ಹೊರಗಿನಿಂದ ಸುತ್ತುವ ದಾರಿಯಾದ ಸೂಪರ್‌ಮೆಶ್ ಅನ್ನು ಪ್ರತ್ಯೇಕ ನಿಯಮವೆಂದು ಬಾಯಿಪಾಠ ಮಾಡುವುದರಿಂದಲೇ ಈ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಎರಡು ಸಾಮಾನ್ಯ ಮೆಶ್ ಸಮೀಕರಣಗಳನ್ನು ಕೂಡಿದರೆ ಸಿಗುವ ಮೊತ್ತವೇ ಸೂಪರ್‌ಮೆಶ್ ಸಮೀಕರಣ. ಇದನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ.

ಎಡಗಡೆಯ ಮೆಶ್‌ನಲ್ಲಿ 24 ವೋಲ್ಟ್‌ನ ಸೋರ್ಸ್ ಇದೆ, ಅದರ ಧನ ತುದಿ ಮೇಲಿದೆ. ಅದಕ್ಕೆ ಸರಣಿಯಲ್ಲಿ, ಮೇಲಿನ ತಂತಿಯಲ್ಲಿ, 2 ಓಮ್ ರೋಧಕವಿದೆ. ಬಲಗಡೆಯ ಮೆಶ್‌ನಲ್ಲಿ 4 ಓಮ್ ರೋಧಕ ಮಾತ್ರ ಇದೆ. ನಡುವಿನ ಶಾಖೆಯಲ್ಲಿ 3 ಆಂಪಿಯರ್‌ನ ಕರೆಂಟ್ ಸೋರ್ಸ್ ಇದ್ದು, ಅದರ ಬಾಣ ಮೇಲ್ಮುಖವಾಗಿದೆ. ಎರಡೂ ಮೆಶ್‌ಗಳ ಕರೆಂಟ್‌ಗಳು, ಅಂದರೆ ಐ₁ ಮತ್ತು ಐ₂, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹರಿಯುತ್ತವೆ ಎಂದು ಇಟ್ಟುಕೊಳ್ಳೋಣ.

ಕಿರ್ಚಾಫ್‌ನ ವೋಲ್ಟೇಜ್ ನಿಯಮವನ್ನು (ಮುಚ್ಚಿದ ಸುತ್ತಿನಲ್ಲಿ ವೋಲ್ಟೇಜ್‌ಗಳ ಚಿಹ್ನೆಸಹಿತ ಮೊತ್ತ ಶೂನ್ಯ) ಅನ್ವಯಿಸಲು ಮೆಶ್‌ನ ಪ್ರತಿಯೊಂದು ಘಟಕದ ಎರಡು ತುದಿಗಳ ನಡುವಿನ ವೋಲ್ಟೇಜ್ ತಿಳಿದಿರಬೇಕು. ರೋಧಕಕ್ಕೆ ಓಮ್‌ನ ನಿಯಮ ಅದನ್ನು ಕೊಡುತ್ತದೆ. ಆದರೆ ಆದರ್ಶ ಕರೆಂಟ್ ಸೋರ್ಸ್ ತನ್ನ ಕರೆಂಟನ್ನು ಮಾತ್ರ ನಿರ್ಧರಿಸುತ್ತದೆ. ಅದರ ವೋಲ್ಟೇಜ್ ಎಷ್ಟೆಂಬುದನ್ನು ಸರ್ಕ್ಯೂಟಿನ ಉಳಿದ ಭಾಗ ತೀರ್ಮಾನಿಸುತ್ತದೆ. ಆದ್ದರಿಂದ ಆ ವೋಲ್ಟೇಜಿಗೆ ‘ವಿ’ ಎಂಬ ಹೆಸರು ಕೊಟ್ಟು, ಮೇಲಿನ ತುದಿಯನ್ನು ಧನವೆಂದು ಹಿಡಿದು, ಎರಡೂ ಮೆಶ್‌ಗಳ ಸಮೀಕರಣಗಳನ್ನು ಎಂದಿನಂತೆ ಬರೆಯೋಣ:

2ಐ₁ + ವಿ = 24
4ಐ₂ − ವಿ = 0

ಎಡ ಮೆಶ್ ಅನ್ನು ಸುತ್ತುವಾಗ ನಡುವಿನ ಶಾಖೆಯನ್ನು ಮೇಲಿನಿಂದ ಕೆಳಕ್ಕೆ ದಾಟುತ್ತೇವೆ, ಬಲ ಮೆಶ್ ಅನ್ನು ಸುತ್ತುವಾಗ ಕೆಳಗಿನಿಂದ ಮೇಲಕ್ಕೆ. ಹೀಗಾಗಿ ‘ವಿ’ ಒಂದರಲ್ಲಿ ಕೂಡುವ ಚಿಹ್ನೆಯೊಂದಿಗೂ ಇನ್ನೊಂದರಲ್ಲಿ ಕಳೆಯುವ ಚಿಹ್ನೆಯೊಂದಿಗೂ ಬರುತ್ತದೆ. ಎರಡನ್ನೂ ಕೂಡಿದರೆ 2ಐ₁ + 4ಐ₂ = 24 ಉಳಿಯುತ್ತದೆ. ನಡುವಿನ ಶಾಖೆಯನ್ನು ಅಳಿಸಿ ಹೊರಗಿನ ದಾರಿಯಲ್ಲಿ ಸುತ್ತಿದ್ದರೂ ಇದೇ ಸಿಗುತ್ತಿತ್ತು. ಶಾಖೆಯನ್ನು ಬಿಡುವುದು ಏಕೆ ಸರಿ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಎರಡನೆಯ ಸಮೀಕರಣವನ್ನು ಕರೆಂಟ್ ಸೋರ್ಸೇ ಕೊಡುತ್ತದೆ. ನಡುವಿನ ಶಾಖೆಯಲ್ಲಿ ಐ₂ ಮೇಲಕ್ಕೂ ಐ₁ ಕೆಳಕ್ಕೂ ಹರಿಯುವುದರಿಂದ ಐ₂ − ಐ₁ = 3. ಈ ಸಂಬಂಧವನ್ನು ಬಳಸಿದರೆ 6ಐ₁ = 12 ಆಗಿ, ಐ₁ = 2 ಆಂಪಿಯರ್, ಐ₂ = 5 ಆಂಪಿಯರ್ ಎಂದು ಬರುತ್ತದೆ; ‘ವಿ’ 20 ವೋಲ್ಟ್. ಉತ್ತರವನ್ನು ಪವರ್ ಲೆಕ್ಕದಿಂದ ಪರೀಕ್ಷಿಸುವ ಅಭ್ಯಾಸವನ್ನು ದಯವಿಟ್ಟು ಬೆಳೆಸಿಕೊಳ್ಳಿ, ಏಕೆಂದರೆ ಚಿಹ್ನೆಯ ತಪ್ಪನ್ನು ಅದು ಬಹುಮಟ್ಟಿಗೆ ಹಿಡಿದುಕೊಡುತ್ತದೆ. ಇಲ್ಲಿ ಎರಡು ಸೋರ್ಸ್‌ಗಳು ಕೊಡುವುದು 48 + 60 = 108 ವ್ಯಾಟ್, ರೋಧಕಗಳು ಹೀರುವುದು 8 + 100 = 108 ವ್ಯಾಟ್.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಸೂಪರ್‌ಮೆಶ್ ಸುತ್ತ ಒಂದೇ ಕರೆಂಟ್ ಹರಿಯುತ್ತದೆ ಎಂದು ಭಾವಿಸಿದಾಗ. ಮೆಶ್‌ಗಳು ಸೇರಿದರೂ ಅವುಗಳ ಕರೆಂಟ್‌ಗಳು ಬೇರೆಯಾಗಿಯೇ ಉಳಿಯುತ್ತವೆ: 2 ಓಮ್ ರೋಧಕಕ್ಕೆ ಐ₁, 4 ಓಮ್ ರೋಧಕಕ್ಕೆ ಐ₂. ಇನ್ನೊಂದು ಸಂದೇಹವೂ ಆಗಾಗ ಎದುರಾಗುತ್ತದೆ. ಕರೆಂಟ್ ಸೋರ್ಸಿಗೆ ಸರಣಿಯಲ್ಲಿ 5 ಓಮ್ ರೋಧಕವೊಂದಿದ್ದರೆ ಅದನ್ನು ಸೂಪರ್‌ಮೆಶ್ ಸಮೀಕರಣಕ್ಕೆ ಸೇರಿಸಬೇಕೇ? ಬೇಡ, ಆಗ ‘ವಿ’ ಎನ್ನುವುದು ಇಡೀ ಶಾಖೆಯ ವೋಲ್ಟೇಜ್ ಆಗುವುದರಿಂದ ಆ ರೋಧಕವೂ ಅದರೊಂದಿಗೇ ರದ್ದಾಗುತ್ತದೆ. ಐ₁, ಐ₂ ಬದಲಾಗುವುದಿಲ್ಲ, ಸೋರ್ಸ್‌ನ ವೋಲ್ಟೇಜ್ ಮಾತ್ರ 20ರಿಂದ 35 ವೋಲ್ಟ್‌ಗೆ ಏರುತ್ತದೆ.

ಕರೆಂಟ್ ಸೋರ್ಸ್ ಒಂದೇ ಮೆಶ್‌ಗೆ ಸೇರಿದ ಹೊರ ಅಂಚಿನಲ್ಲಿದ್ದರೆ ಸೂಪರ್‌ಮೆಶ್ ಬೇಕಿಲ್ಲ, ಆ ಮೆಶ್‌ನ ಕರೆಂಟ್ ನೇರವಾಗಿ ತಿಳಿದಂತಾಯಿತು. ಅವಲಂಬಿತ ಸೋರ್ಸ್ (ಸರ್ಕ್ಯೂಟಿನ ಬೇರೊಂದು ವೋಲ್ಟೇಜ್ ಅಥವಾ ಕರೆಂಟ್ ನಿಯಂತ್ರಿಸುವ ಸೋರ್ಸ್) ಆಗಿದ್ದರೆ ಬಲಬದಿಯ 3ರ ಜಾಗದಲ್ಲಿ ಅದರ ಕರೆಂಟಿನ ಸೂತ್ರವನ್ನಿಟ್ಟು, ಅದರಲ್ಲಿನ ನಿಯಂತ್ರಕ ರಾಶಿಯನ್ನು ಮೆಶ್ ಕರೆಂಟ್‌ಗಳ ಮೂಲಕ ಬರೆದರೆ ಸಾಕು. ತಂತಿಗಳು ಒಂದನ್ನೊಂದು ದಾಟದಂತೆ ಸಮತಲದಲ್ಲಿ ಬಿಡಿಸಲಾಗದ ಸರ್ಕ್ಯೂಟಿಗೆ ಮೆಶ್ ವಿಧಾನವೇ ಹೊಂದುವುದಿಲ್ಲ.

ಕೊನೆಯದಾಗಿ, ಈ ಉದಾಹರಣೆಯನ್ನು ನೋಡ್ ವಿಧಾನದಿಂದಲೂ, ಅಂದರೆ ಶಾಖೆಗಳು ಸೇರುವ ಬಿಂದುವಿನಲ್ಲಿ (ನೋಡ್) ಒಳಬರುವ ಮತ್ತು ಹೊರಹೋಗುವ ಕರೆಂಟ್‌ಗಳನ್ನು ಸಮವೆಂದು ಬರೆಯುವ ವಿಧಾನದಿಂದಲೂ, ಬಿಡಿಸಿ ನೋಡಿ. ಕೆಳಗಿನ ತಂತಿಯನ್ನು ಶೂನ್ಯವೆಂದು ಹಿಡಿದರೆ, ನಡುವಿನ ಶಾಖೆ ಮೇಲೆ ಸೇರುವ ನೋಡ್‌ನಲ್ಲಿ (24 − ವಿ)/2 + 3 = ವಿ/4 ಎಂಬ ಒಂದೇ ಸಮೀಕರಣ ಸಾಕಾಗಿ, ‘ವಿ’ 20 ವೋಲ್ಟ್ ಎಂದೇ ಬರುತ್ತದೆ. ಕರೆಂಟ್ ಸೋರ್ಸ್‌ಗಳು ಹೆಚ್ಚಿದ್ದು ನೋಡ್‌ಗಳು ಕಡಿಮೆ ಇರುವ ಸರ್ಕ್ಯೂಟುಗಳಲ್ಲಿ, ಪ್ರಶ್ನೆಯಲ್ಲಿ ಮೆಶ್ ವಿಧಾನವನ್ನೇ ಬಳಸಬೇಕೆಂದು ಹೇಳಿರದಿದ್ದರೆ, ನಾನು ನೋಡ್ ವಿಧಾನವನ್ನೇ ಆರಿಸಿಕೊಳ್ಳುತ್ತೇನೆ.