ಕೈಯನ್ನು ನೋಡಿ ಉದ್ಯೋಗ ಬದಲಿಸಬೇಡಿ

ಎಡಚರು ಹುಟ್ಟಾ ಸೃಜನಶೀಲರಂತೆ, ಹಾಗಾದರೆ ದುರಸ್ತಿ ವಿಭಾಗ ಬಿಟ್ಟು ವಿನ್ಯಾಸ ವಿಭಾಗಕ್ಕೆ ಹೋಗಲೇ ಎಂದು ಕೇಳಿದ್ದೀರಿ. ನಾನೂ ಎಡಚ, ಇದೇ ಪ್ರಶ್ನೆಗೆ ಹೌದೆಂದು ಉತ್ತರಿಸಿಕೊಂಡು ಹೋದವನು.

ಆಗ ನಾನು ಪ್ಯಾಕಿಂಗ್ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದೆ. ಪದೇ ಪದೇ ನಿಂತುಹೋಗುತ್ತಿದ್ದ ಒಂದು ಯಂತ್ರದ ದೋಷವನ್ನು ಪತ್ತೆ ಹಚ್ಚಿದಾಗ ಮೇಲಧಿಕಾರಿಗಳು, ಎಡಗೈಯವರ ತಲೆ ಓಡುವ ರೀತಿಯೇ ಬೇರೆ ಎಂದು ಹೊಗಳಿದರು. ನಾನು ನಂಬಿದೆ. ನಿಜವಾಗಿ ನಡೆದದ್ದು ಇಷ್ಟು: ಯಂತ್ರ ನಿಂತಾಗಲೆಲ್ಲ ಅದರ ಹೊತ್ತನ್ನೂ ಹೀಟರಿನ ಬಿಸಿಯನ್ನೂ ಬರೆದಿಡುತ್ತಿದ್ದೆ, ಹೀಟರ್ ಪೂರ್ತಿ ಕಾಯುವ ಮೊದಲೇ ಕೆಲಸ ಶುರು ಮಾಡಿದ ದಿನಗಳಲ್ಲಷ್ಟೇ ತೊಂದರೆ ಎಂಬುದು ಆ ದಾಖಲೆಯಿಂದ ತಿಳಿಯಿತು.

ವಿನ್ಯಾಸ ವಿಭಾಗದಲ್ಲಿ ಹೊಸ ಯಂತ್ರದ ಲಿವರ್ ಎಲ್ಲಿರಬೇಕೆಂದು ನಿರ್ಧರಿಸುವ ಹೊಣೆ ನನಗೆ ಬಂತು. ಬಲಗಡೆಯ ಲಿವರುಗಳಿಂದ ವರ್ಷಗಟ್ಟಲೆ ಕಷ್ಟಪಟ್ಟಿದ್ದ ನಾನು ಅದನ್ನು ಎರಡೂ ಕೈಗಳಿಗೆ ಎಟಕುವಂತೆ ನಡುವೆ ಇಟ್ಟೆ. ಆದರೆ ಯಂತ್ರ ನಡೆಸುವವರು ಎಡಗೈಯಲ್ಲಿ ಪ್ಲಾಸ್ಟಿಕ್ ಹಾಳೆಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಬಲಗೈಯಲ್ಲಿ ಲಿವರ್ ಎಳೆಯುತ್ತಾರೆ. ನಡುವಿನ ಲಿವರಿಗೆ ಕೈ ಚಾಚಿದರೆ ತೋಳು ಹಾಳೆಗೆ ಅಡ್ಡ ಬಂದು ಹಿಡಿತ ಸಡಿಲವಾಗುತ್ತಿತ್ತು. ತಯಾರಾದ ಮಾದರಿ ಗುಜರಿಗೆ ಹೋಯಿತು, ಮುಂದಿನ ಯೋಜನೆ ನನ್ನ ಕೈತಪ್ಪಿತು. ವಿಭಾಗ ಬದಲಿಸಿದ್ದು ತಪ್ಪಲ್ಲ, ಲಿವರನ್ನು ಸರಿಸುವ ಯೋಚನೆಯೂ ತಪ್ಪಲ್ಲ. ಕೈಗಳ ಕಷ್ಟ ಎಡಚನಾದ ನನಗೆ ಹುಟ್ಟಿನಿಂದಲೇ ಗೊತ್ತು ಎಂಬ ಭರವಸೆಯಲ್ಲಿ, ಯಂತ್ರ ನಡೆಸುವವರ ಪಕ್ಕದಲ್ಲಿ ಒಂದು ಪಾಳಿಯಾದರೂ ನಿಂತು ನೋಡಲಿಲ್ಲ. ಹಿಂದಿನ ವಿಭಾಗದಲ್ಲಿ ನನಗೆ ಹೆಸರು ತಂದಿದ್ದ ಬರೆದಿಡುವ ಅಭ್ಯಾಸವನ್ನು, ಪ್ರತಿಭೆಯಿದ್ದವನಿಗೆ ಅದರ ಅಗತ್ಯವಿಲ್ಲವೆಂದು ಕೈಬಿಟ್ಟಿದ್ದೆ. ನನಗೆ ದುಬಾರಿಯಾದದ್ದು ಅದೇ.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಎಡಗೈಯನ್ನು ಮಿದುಳಿನ ಬಲಭಾಗ ನಿಯಂತ್ರಿಸುತ್ತದೆ ಎಂಬುದು ನಿಜ. ಆದರೆ ಬಲಭಾಗವೇ ಸೃಜನಶೀಲತೆಯ ನೆಲೆ ಎಂಬುದು, ಮಿದುಳಿನ ಎರಡು ಭಾಗಗಳ ಕೆಲಸದ ಕುರಿತು 1981ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ರೋಜರ್ ಸ್ಪೆರಿಯವರ ಸಂಶೋಧನೆಯನ್ನು ಜನ ಹಿಗ್ಗಿಸಿಕೊಂಡು ಕಟ್ಟಿದ ಮಾತು. ಎಡಚರಲ್ಲೂ ಸುಮಾರು 70 ಪ್ರತಿಶತ ಮಂದಿಗೆ ಭಾಷೆಯನ್ನು ನಿರ್ವಹಿಸುವುದು ಮಿದುಳಿನ ಎಡಭಾಗವೇ. ಶತಮಾನದಷ್ಟು ಹಿಂದಿನಿಂದ ನಡೆದ ಅಧ್ಯಯನಗಳನ್ನು ಪರಿಶೀಲಿಸಿದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ, ಸೃಜನಶೀಲ ಚಿಂತನೆಯಲ್ಲಿ ಎಡಚರಿಗೆ ಮೇಲುಗೈ ಇಲ್ಲವೆಂದೇ ಹೇಳಿದರು. ಚಿತ್ರಕಲೆ, ಸಂಗೀತಗಳಲ್ಲಿ ಎಡಚರ ಪಾಲು ಹೆಚ್ಚಿದೆ. ಈ ನಂಬಿಕೆ ಬಲವಾಗಿ ಉಳಿಯಲು ಅದೂ ಒಂದು ಕಾರಣವಿರಬಹುದು.

ನೂರಕ್ಕೆ ಸುಮಾರು ಹತ್ತು ಮಂದಿಯಷ್ಟೇ ಇರುವ ನಮಗೆ, ಕತ್ತರಿಯಿಂದ ಹಿಡಿದು ಎಲ್ಲವೂ ಬೇರೆಯವರ ಕೈಗೆ ತಕ್ಕಂತೆ ತಯಾರಾಗಿರುವುದು ಬೇಗ ಕಣ್ಣಿಗೆ ಬೀಳುತ್ತದೆ. ಅದು ಅನುಭವ, ಇನ್ನೊಬ್ಬರ ಕೈಗೆ ಏನು ಬೇಕೆಂಬುದನ್ನು ಅದು ಹೇಳಿಕೊಡದು.

ವಿನ್ಯಾಸದ ಕೆಲಸ ನಿಮಗೆ ನಿಜವಾಗಿ ಇಷ್ಟವಿದ್ದರೆ ಖಂಡಿತ ಹೋಗಿ. ಸಂದರ್ಶನದಲ್ಲಿ ಮಾತ್ರ ಎಡಚರೆಂಬುದನ್ನು ಮುಂದಿಡದೆ, ನೀವು ಬಿಡಿಸಿದ ಅತ್ಯಂತ ಕಠಿಣ ದೋಷವೊಂದನ್ನು ಆರಿಸಿಕೊಂಡು, ಮೊದಲು ಏನನ್ನು ಶಂಕಿಸಿದಿರಿ, ಅದು ಅಲ್ಲವೆಂದು ಹೇಗೆ ತಿಳಿಯಿತು ಎಂಬುದನ್ನು ಹಂತ ಹಂತವಾಗಿ ವಿವರಿಸಿ.