ಅಮೆರಿಕದಲ್ಲಿ ಎಂ.ಎಸ್. ಮಾಡಲೇ, ಕಲಬುರಗಿಯಲ್ಲೇ ಎಂ.ಟೆಕ್. ಮಾಡಲೇ?

ನೀವು ಯಾದಗಿರಿಯವರು, ಇ.ಇ.ಇ.ಯಲ್ಲಿ (ಎಲೆಕ್ಟ್ರಿಕಲ್ ಆಂಡ್ ಎಲೆಕ್ಟ್ರಾನಿಕ್ಸ್) ಬಿ.ಇ. ಆಗಿದೆ. ಎಲೆಕ್ಟ್ರಿಕಲ್ ಆಂಡ್ ಕಂಪ್ಯೂಟರ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಲು ನಿಮ್ಮನ್ನು ಅಮೆರಿಕಕ್ಕೆ ಕಳುಹಿಸಲು ಅಪ್ಪ ಎರಡು ಎಕರೆ ಹೊಲ ಮಾರುತ್ತೇನೆ ಎನ್ನುತ್ತಿದ್ದಾರೆ. ಅದಿಲ್ಲದಿದ್ದರೆ ಕಲಬುರಗಿಯಲ್ಲಿ ಎಂ.ಟೆಕ್. ಯಾವುದಕ್ಕೆ ಬೆಲೆ ಹೆಚ್ಚು ಎಂಬುದು ನಿಮ್ಮ ಪ್ರಶ್ನೆ. ಓದುತ್ತಿದ್ದಂತೆ ನನಗೆ 2015ರ ಬೇಸಿಗೆ ಕಣ್ಣ ಮುಂದೆ ಬಂತು.

ನಾನು ಬೀದರ್ ಜಿಲ್ಲೆಯವನು, ಭಾಲ್ಕಿ ತಾಲ್ಲೂಕಿನ ಹಳ್ಳಿ. 2014ರಲ್ಲಿ ಬಿ.ಇ. ಮುಗಿಸಿ ಮರುವರ್ಷ ಎಂ.ಟೆಕ್. ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆದೆ. ಅಂಕ ಚೆನ್ನಾಗಿಯೇ ಬಂತು. ದೊಡ್ಡ ಸಂಸ್ಥೆಯೊಂದರಿಂದ ಸಂಶೋಧನೆಯ ಎಂ.ಟೆಕ್.ಗೆ ಸಂದರ್ಶನದ ಕರೆಯೂ ಬಂತು. ಸೀಟು ಸಿಕ್ಕೇಬಿಟ್ಟಿತು ಎಂದುಕೊಂಡು ನನ್ನ ಸೋದರಮಾವ ಊರೆಲ್ಲ ಪೇಢೆ ಹಂಚಿದ್ದರು.

ಒಳಗೆ ಮೂವರು ಪ್ರಾಧ್ಯಾಪಕರಿದ್ದರು. ಬಿ.ಇ. ಪ್ರಾಜೆಕ್ಟ್ ಏನು ಎಂದರು. ಸೌರ ಫಲಕದಿಂದ ಸದಾ ಗರಿಷ್ಠ ವಿದ್ಯುತ್ತು ಹೀರಿಕೊಳ್ಳುವ ಬೂಸ್ಟ್ ಕನ್ವರ್ಟರ್, ಅಂದರೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಎಂದೆ. ಶೀರ್ಷಿಕೆ ಬಾಯಿಪಾಠವಾಗಿತ್ತು. ಬೋರ್ಡಿನ ಮೇಲೆ ಸರ್ಕ್ಯೂಟ್ ಬರೆಯಿರಿ ಎಂದರು, ಬರೆದೆ. ಆಮೇಲೆ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ನಿಮ್ಮ ಫಲಕ ಗರಿಷ್ಠ ಶಕ್ತಿ ಕೊಡಬೇಕಾದರೆ ಅದಕ್ಕೆ 20 ಓಮ್ ರೋಧ ಕಾಣಬೇಕು. ಲೋಡ್ 10 ಓಮ್ ಇದೆ. ನಿಮ್ಮ ಕನ್ವರ್ಟರ್ ಆ ಬಿಂದುವನ್ನು ಹಿಡಿಯುತ್ತದೆಯೇ?" ನಾನು "ಹಿಡಿಯುತ್ತದೆ ಸರ್, ಅದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ" ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಈ ಪ್ರಾಜೆಕ್ಟ್ ನೀವೇ ಮಾಡಿದಿರಾ?" ಎಂಬ ಮುಂದಿನ ಪ್ರಶ್ನೆಗೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ ಇತ್ತು.

ನಾನು ಮಾಡಿರಲಿಲ್ಲ. ನಾಲ್ವರು ಗೆಳೆಯರು ತಲಾ ಐದು ಸಾವಿರ ಹಾಕಿ, ಬಸ್ ಹತ್ತಿ ಹೈದರಾಬಾದಿನ ಅಮೀರಪೇಟೆಗೆ ಹೋಗಿ, ಒಂದು ಅಂಗಡಿಯಿಂದ ಕೊಂಡು ತಂದಿದ್ದೆವು. ಸಿಮ್ಯುಲೇಶನ್ ಕಡತ, ವರದಿ, ಪ್ರಶ್ನೋತ್ತರದ ಎರಡು ಹಾಳೆ, ಎಲ್ಲವೂ ಸೇರಿ. ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ನಮ್ಮ ಹೆಸರು ಅಚ್ಚಾಗಿತ್ತು. ಕಾಲೇಜಿಗೆ ಬಂದ ಪರೀಕ್ಷಕರು ಶೀರ್ಷಿಕೆ ಓದಿ, ಮಿರ್ಚಿ ಭಜಿ ತಿಂದು, ನೂರಕ್ಕೆ ತೊಂಬತ್ತೈದು ಕೊಟ್ಟು ಹೋದರು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ ಎಂದು ಕೇಳಿದ್ದೇನೆ.

ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನನ್ನ ಒಂದು ವರ್ಷ ತಿಂದ ಪ್ರಶ್ನೆ ಅದು. ಬೂಸ್ಟ್ ಕನ್ವರ್ಟರಿನ ಹಿಂದಿರುವ ಲೋಡ್, ಅಂದರೆ ವಿದ್ಯುತ್ತು ಬಳಸುವ ಸಾಧನ, ಫಲಕದ ಕಣ್ಣಿಗೆ ಇದ್ದಂತೆ ಕಾಣುವುದಿಲ್ಲ. ಲೋಡಿನ ರೋಧವನ್ನು (1 − ಡ್ಯೂಟಿ)ಯ ವರ್ಗದಿಂದ ಗುಣಿಸಿದರೆ ಎಷ್ಟಾಗುತ್ತದೆಯೋ ಅಷ್ಟು ಕಾಣುತ್ತದೆ. ಡ್ಯೂಟಿ ಎಂದರೆ ಪ್ರತಿ ಆವರ್ತದಲ್ಲಿ ಕನ್ವರ್ಟರಿನ ಸ್ವಿಚ್ ಆನ್ ಇರುವ ಸಮಯದ ಪಾಲು. ಅದು ಸೊನ್ನೆಯಿಂದ ಒಂದರ ನಡುವೆ ಇರುವುದರಿಂದ ಆ ವರ್ಗ ಎಂದೂ ಒಂದನ್ನು ಮೀರದು. ಹಾಗಾಗಿ 10 ಓಮ್ ಲೋಡ್ 10ಕ್ಕಿಂತ ಕಡಿಮೆಯಾಗಿ ಕಾಣಬಹುದು, 20 ಆಗಿ ಎಂದಿಗೂ ಕಾಣದು. ಸಾಫ್ಟ್‌ವೇರ್ ಎಷ್ಟೇ ಜಾಣತನದ್ದಾದರೂ ಡ್ಯೂಟಿಯನ್ನು ಇಳಿಸುತ್ತಾ ಇಳಿಸುತ್ತಾ ಸೊನ್ನೆಗೆ ತಂದು ಅಲ್ಲೇ ಕೂರುತ್ತದೆ. ಅಂಗಡಿಯವರ ಕಡತದಲ್ಲಿ ಲೋಡ್ 50 ಓಮ್ ಇತ್ತು, ಆದ್ದರಿಂದಲೇ ಪರದೆಯ ಮೇಲೆ ರೇಖೆ ಚೆಂದವಾಗಿ ಮೇಲೇರುತ್ತಿತ್ತು. ಆ 50ನ್ನು ಅಳಿಸಿ ಒಮ್ಮೆ 10 ಎಂದು ಬರೆದು ನೋಡಿದ್ದರೆ ಸಾಕಿತ್ತು. ಎಂಟು ತಿಂಗಳು ಆ ಕಡತ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು! ಒಂದು ಅಂಕಿ ಬದಲಿಸಲಿಲ್ಲ.

ಸೀಟು ಸಿಗಲಿಲ್ಲ. ಗೇಟ್ ಅಂಕಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಅದೊಂದೇ ಸಮಾಧಾನ. ಮತ್ತೆ ಗೇಟ್ ಬರೆಯುವ ಬದಲು ಬೀದರಿನ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಗೆ ಸೇರಿದೆ. ಬಿ.ಇ. ಓದಿದವನು ತಾಮ್ರದ ತಂತಿ ಸುತ್ತುತ್ತಿದ್ದಾನೆ ಎಂದು ಅವ್ವ ಅತ್ತಳು. ಸಂಬಳದಲ್ಲಿ 100 ವ್ಯಾಟಿನ ಫಲಕ ಕೊಂಡು ಮಾಮನ ಹೊಲದ ಗುಡಿಸಲ ಮೇಲಿಟ್ಟೆ. ಬಿಡಿ ಭಾಗಗಳಿಗೆ ಮತ್ತೆ ಹೈದರಾಬಾದೇ, ಈ ಸಲ ಕೋಠಿಯ ಗುಜರಾತಿ ಗಲ್ಲಿಗೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೊದಲ ದಿನವೇ ಸುಟ್ಟಿತು. ಮನೆಯ ಅಡಾಪ್ಟರಿನಲ್ಲಿರುವ ಸಾದಾ 1ಎನ್4007 ಹಾಕಿದ್ದೆ. ಅದು 50 ಹರ್ಟ್ಸ್‌ಗೆ ಹೇಳಿ ಮಾಡಿಸಿದ್ದು. ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆಗುವ ಕಡೆ ಅದಕ್ಕೆ ಮುಚ್ಚಿಕೊಳ್ಳಲು ಪುರಸೊತ್ತಿರುವುದಿಲ್ಲ, ಮೇಲಾಗಿ ಒಂದೇ ಆಂಪಿಯರಿನದು. ಆಮೇಲೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್‌ಗಳು ಐದಾರು ಹೋದವು. ದೀಪಾವಳಿಯ ಹೊತ್ತಿಗೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡತೊಡಗಿತು. ಆ ಫಲಕಕ್ಕೆ ಬೇಕಾದದ್ದು ಸುಮಾರು 3.3 ಓಮ್. ಲೋಡ್ ಆಗಿ ಇಟ್ಟಿದ್ದ ರಿಯೋಸ್ಟ್ಯಾಟನ್ನು (ಬದಲಿಸಬಹುದಾದ ರೋಧ) 2 ಓಮ್‌ಗೆ ಇಳಿಸಿದೆ. ಪ್ರಾಧ್ಯಾಪಕರ ಪ್ರಶ್ನೆ ಸೂಚಿಸಿದ್ದಂತೆಯೇ ಡ್ಯೂಟಿ ಸೊನ್ನೆಗೆ ಬಂದು ನಿಂತುಬಿಟ್ಟಿತು. ತಪ್ಪು ಕಣ್ಣೆದುರೇ ನಡೆದದ್ದು ನೋಡಿ ಅಷ್ಟು ಖುಷಿಪಟ್ಟದ್ದು ಆ ಒಂದೇ ಸಲ. ಕಬ್ಬಿಗೆ ನೀರು ಬಿಡಲು ಬಂದ ಮಾಮ "ಕೆಟ್ಟಿತೇನೋ?" ಎಂದರು. "ಇಲ್ಲ ಮಾಮ, ಸರಿಯಾಗಿದೆ" ಎಂದೆ.

ಮರುವರ್ಷ ಅದೇ ಅಂಕಪತ್ರದ ಮೇಲೆ ಬೇರೊಂದು ಸಂಸ್ಥೆಯಲ್ಲಿ ಸೀಟು ಸಿಕ್ಕಿತು. ಈಗ ಬೆಂಗಳೂರಿನಲ್ಲಿ ವಿದ್ಯುತ್ ವಾಹನಗಳ ಚಾರ್ಜರ್ ವಿನ್ಯಾಸ ಮಾಡುತ್ತೇನೆ. ಡಯೋಡ್ ಈಗಲೂ ಸುಡುತ್ತೇನೆ, ಅದಕ್ಕೆ ಸಂಬಳ ಕೊಡುತ್ತಾರೆ.

ಈಗ ನಿಮ್ಮ ಪ್ರಶ್ನೆ. ಅದೇ ನನಗೆ ಒಪ್ಪಿಗೆಯಿಲ್ಲ. ಬರೀ ಕೆಲಸ ಬೇಕಿದ್ದರೆ ಎರಡೂ ಬೇಡ. ರಾಜ್ಯದ ವಿದ್ಯುತ್ ಕಂಪನಿಗಳಾದ ಕೆಪಿಟಿಸಿಎಲ್ ಮತ್ತು ಕಲಬುರಗಿಯ ಜೆಸ್ಕಾಂನ ಸಹಾಯಕ ಎಂಜಿನಿಯರ್ ಹುದ್ದೆಗೆ ಬಿ.ಇ. ಸಾಕು, ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಇದೆ. ಎನ್‌ಟಿಪಿಸಿ, ಪವರ್‌ಗ್ರಿಡ್‌ಗಳು ಗೇಟ್ ಅಂಕದ ಮೇಲೆಯೇ ಬಿ.ಇ.ಯವರನ್ನು ತೆಗೆದುಕೊಂಡಿವೆ. ಕೆಲಸ ಸಿಗಲಿಲ್ಲವೆಂದು ಎರಡು ವರ್ಷ ಎಂ.ಟೆಕ್.ನಲ್ಲಿ ಬಚ್ಚಿಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಹೆಸರಿನಲ್ಲಿ "ಕಂಪ್ಯೂಟರ್" ಇದೆ, ಸಾಫ್ಟ್‌ವೇರ್ ಕೆಲಸ ಸಿಗಬಹುದು ಎಂದೂ ಬರೆದಿದ್ದೀರಿ. ನಮ್ಮಲ್ಲಿ ಇ.ಸಿ.ಇ. ಎಂದರೆ ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್. ಅಮೆರಿಕದಲ್ಲಿ ಅದೇ ಮೂರಕ್ಷರಕ್ಕೆ ಎಲೆಕ್ಟ್ರಿಕಲ್ ಆಂಡ್ ಕಂಪ್ಯೂಟರ್ ಎಂದರ್ಥ, ಆ ವಿಭಾಗದೊಳಗೆ ವಿದ್ಯುತ್ ಜಾಲ, ಚಿಪ್ ವಿನ್ಯಾಸ, ಸಿಗ್ನಲ್ ಪ್ರೊಸೆಸಿಂಗ್, ಪ್ರೊಸೆಸರ್ ರಚನೆ ಎಲ್ಲವೂ ಇರುತ್ತವೆ. ಅಲ್ಲಿನ ಎಂ.ಎಸ್. ಸಾಮಾನ್ಯವಾಗಿ 30 ಕ್ರೆಡಿಟ್‌ನ ಆಸುಪಾಸು. ಆ 30ರಲ್ಲಿ ನೀವು ಏನು ಆರಿಸುತ್ತೀರೋ ಅದೇ ನಿಮ್ಮ ಪದವಿ, ಮೇಲಿನ ಹೆಸರಿಗೆ ಅರ್ಥವಿಲ್ಲ. ಹಾಗೆಂದು ಎರಡೂ ಬೇರೆ ಬೇರೆ ಲೋಕವೂ ಅಲ್ಲ. ನಿಮ್ಮ ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಮಾರ್ಗದಿಂದಲೇ 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಂದಿಗೆ ಒಂದೇ ತಾಳಕ್ಕೆ ಬಂದದ್ದು. ಅಷ್ಟು ದೊಡ್ಡ ಜಾಲ ತೂಗಾಡದಂತೆ ಕಾಯುವ ಕೆಲಸದಲ್ಲಿ ಎಲೆಕ್ಟ್ರಿಕಲ್ ಎಲ್ಲಿ ಮುಗಿಯಿತು, ಕಂಪ್ಯೂಟರ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು.

ಹೊಲದ ವಿಷಯದಲ್ಲಿ ನಾನು ಹಟಮಾರಿ. ಮಾರಬೇಡಿ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಕೆಲಸದ ಅನುಮತಿ 12 ತಿಂಗಳು, ಎಂಜಿನಿಯರಿಂಗ್‌ನವರಿಗೆ ಇನ್ನೂ 24. ಮುಂದಿನ ವೀಸಾಗೆ ಲಾಟರಿ. ಲಾಟರಿ ಹತ್ತದಿದ್ದರೆ ಮಾರಿದ ಹೊಲ ತಿರುಗಿ ಬರುವುದಿಲ್ಲ. ಗೇಟ್ ಮೂಲಕ ಒಳ್ಳೆಯ ಕಡೆ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ಅವರೇ ಕೊಡುತ್ತಾರೆ. ಇಲ್ಲೇ ಓದಿ, ಆಮೇಲೂ ಅಮೆರಿಕಕ್ಕೆ ಹೋಗಬೇಕೆನಿಸಿದರೆ ಅಲ್ಲಿಯವರೇ ಖರ್ಚು ಹೊರುವಂತೆ ಪಿಎಚ್.ಡಿ.ಗೆ ಹೋಗಿ.

ಕಲಬುರಗಿಯದ್ದೇ ಆದರೂ ನನ್ನದೇನೂ ತಕರಾರಿಲ್ಲ. ಆದರೆ ಶುಲ್ಕ ಕಟ್ಟುವ ಮೊದಲು ಪ್ರಯೋಗಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೆಯೇ ಇದ್ದರೆ ತಿರುಗಿ ಬಸ್ ಹತ್ತಿ.

ಒಂದು ಕೊರತೆ ಕಂಡಿತು. ಅಂಕ ಬರೆದಿದ್ದೀರಿ, ಅಪ್ಪನ ಹೊಲದ ಸರ್ವೆ ನಂಬರ್ ಒಂದು ಬಿಟ್ಟು ಎಲ್ಲವನ್ನೂ ಬರೆದಿದ್ದೀರಿ, ನಿಮ್ಮ ಬಿ.ಇ. ಪ್ರಾಜೆಕ್ಟ್ ಏನೆಂದು ಬರೆದಿಲ್ಲ. ಶೀರ್ಷಿಕೆ ಬೇಡ. ಸರ್ಕ್ಯೂಟನ್ನು ಕೈಯಿಂದ ಬರೆದು ಫೋಟೊ ಹಾಕಿ, ನೋಡುತ್ತೇನೆ.