ಹವ್ಯಾಸಕ್ಕೆ ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ ಕೈಯಾರೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಅಮೆರಿಕದಲ್ಲಿದ್ದೀರಿ, ಮರಗೆಲಸ ಸುಮಾರಾಗಿ ಬರುತ್ತೆ, ಚಕಮಕಿ ಕಲ್ಲಿನಿಂದ ಹಾರಿಸುವ ಈ ಹಳೇ ಕಾಲದ ಉದ್ದ ಕೋವಿಗೆ ಮೊದಲು ಮರ ಕೊಳ್ಳಲಾ ನಳಿಗೆ ಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲು ಐದೂವರೆ ಅಡಿ ಉದ್ದದ ಕಾಗದ ತನ್ನಿ.

ಒಂದು ಒಳ್ಳೆಯ ಮೇಪಲ್ ಹಲಗೆ ಹಾಳು ಮಾಡಿಕೊಂಡ ಮೇಲೆ ನನಗೆ ಬಂದ ಬುದ್ಧಿ ಇದು. ಈ ಕೋವಿಯಲ್ಲಿ ನಳಿಗೆಯ ಕೆಳಗೇ ಗುಂಡು ಜಡಿಯುವ ಕೋಲಿಗೆ ಉದ್ದಕ್ಕೂ ಒಂದು ತೂತು ಇರುತ್ತೆ. ನಳಿಗೆಗೂ ಆ ತೂತಿಗೂ ನಡುವೆ ಉಳಿಯುವ ಮರ ಸುಮಾರು 1/8 ಇಂಚು, ಅಷ್ಟೇ. ಲಾಕು ಅಂದರೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಸಾಧನ, ಅದರ ಮುಂದಿನ ಬೋಲ್ಟು ಅಲ್ಲೇ ಅಡ್ಡ ಹಾಯಬೇಕು. ನಾನು ಅಂದಾಜಿನಲ್ಲಿ ಕೊರೆದೆ. ಬೋಲ್ಟು ನೇರ ಕೋಲಿನ ತೂತಿನೊಳಗೆ ಇಳಿಯಿತು. ನಿಜ ಅಳತೆಯ ಚಿತ್ರ ಬರೆದಿದ್ದರೆ ಈ ತಪ್ಪು ಕಾಗದದ ಮೇಲೇ ಕಾಣುತ್ತಿತ್ತು.

ಆದರೆ ಯಾವುದರ ಚಿತ್ರ? ಲಾಂಗ್‌ರೈಫಲ್ ಅಂದರೆ ಒಂದೇ ಕೋವಿ ಅಲ್ಲ. 18ನೇ ಶತಮಾನದಲ್ಲಿ ಜರ್ಮನ್ ಕಮ್ಮಾರರು ಪೆನ್ಸಿಲ್ವೇನಿಯಾಕ್ಕೆ ಬಂದಾಗ ಅವರಿಗೆ ಗೊತ್ತಿದ್ದದ್ದು ಯೇಗರ್ ಅನ್ನೋ ಗಿಡ್ಡ, ದಪ್ಪ ಕೋವಿ. ಇಲ್ಲಿ ನಳಿಗೆ 42ರಿಂದ 46 ಇಂಚಿನವರೆಗೆ ಬೆಳೆಯಿತು, ಗುಂಡು ಸಣ್ಣದಾಯಿತು. ಆಮೇಲೆ ಒಂದೊಂದು ಕೌಂಟಿಗೂ, ಅಂದರೆ ಜಿಲ್ಲೆಗೂ, ಒಂದೊಂದು ಶೈಲಿ. ಲ್ಯಾಂಕಾಸ್ಟರಿನದ್ದು ಭುಜಕ್ಕೆ ಒರಗುವ ಹಿಂಬದಿ ನೇರ, ಲೀಹೈ ಕಡೆಯದು ಸ್ವಲ್ಪ ಬಾಗಿದ್ದು. ಎರಡನ್ನೂ ಬೆರೆಸಬೇಡಿ. ಒಂದು ಹಳೆಯ ಕೋವಿಯನ್ನು ಆರಿಸಿ, ಅದನ್ನೇ ಹಿಡಿದುಕೊಳ್ಳಿ. ನಾಜರೆತ್ ಊರಿನ ಹತ್ತಿರ ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ ಮ್ಯೂಸಿಯಂ ಇದೆ, ಹೋಗಿ ಕಣ್ತುಂಬ ನೋಡಿ. ಚಿತ್ರಗಳಲ್ಲಿ ದಪ್ಪ ಎಷ್ಟು ಅಂತ ಗೊತ್ತಾಗುವುದೇ ಇಲ್ಲ.

ಆಮೇಲೆ ನಳಿಗೆ ಮತ್ತು ಲಾಕ್. ಇವನ್ನು ಹೆಸರಿರುವವರಿಂದಲೇ ಕೊಳ್ಳಿ. ನಳಿಗೆ ಮದ್ದಿನ ಒತ್ತಡ ತಡೆಯುವ ಭಾಗ, ಮನೆಯಲ್ಲಿ ಪ್ರಯೋಗ ಬೇಡ. ನಾಚಿಕೆಯೂ ಬೇಡ, ಹಳಬರೂ ಎಷ್ಟೋ ಸಲ ಯುರೋಪಿನಿಂದ ಬಂದ ಲಾಕುಗಳನ್ನೇ ಹಾಕುತ್ತಿದ್ದರು. ಮರ ಕೊನೆಗೆ. ಪಟ್ಟೆ ಪಟ್ಟೆ ಮೇಪಲ್ ಕಂಡರೆ ಮನಸ್ಸು ಸೋಲುತ್ತೆ. ಆದರೆ ಮೊದಲು ನೋಡಬೇಕಾದ್ದು ಕೈ ಹಿಡಿಯುವ ಸಣ್ಣ ಜಾಗದಲ್ಲಿ ಎಳೆ ಉದ್ದಕ್ಕೆ ಹರಿದಿದೆಯಾ ಅಂತ. ಅಡ್ಡ ಓಡಿದ್ದರೆ ಅಲ್ಲೇ ಮುರಿಯುತ್ತೆ. ಮೊದಲ ಸಲ ಅಲ್ವಾ, ನಳಿಗೆಯ ಕಾಲುವೆ ಮತ್ತು ಕೋಲಿನ ತೂತು ಮಾಡಿಯೇ ಕೊಡುವವರ ಹತ್ತಿರ ಮರ ತಗೊಳ್ಳಿ. ಉಳಿದಿದ್ದೇ ಬೇಕಾದಷ್ಟು ಕೆಲಸ ಇದೆ.

ಲಾಕ್ ಕೂರಿಸುವುದು ನನಗೆ ತುಂಬ ಇಷ್ಟ. ಕಬ್ಬಿಣಕ್ಕೆ ದೀಪದ ಕಾಡಿಗೆ ಹಚ್ಚಿ ಮರಕ್ಕೆ ಒತ್ತುತ್ತೀರಿ. ಎತ್ತಿದರೆ ಎಲ್ಲಿ ತಾಗುತ್ತೋ ಅಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆಯನ್ನಷ್ಟೇ ಉಳಿಯಿಂದ ಕೆರೆದು, ಮತ್ತೆ ಒತ್ತುತ್ತೀರಿ. ನೂರು ಸಲ ಆಗಬಹುದು. ಸಂಜೆಗೆ ಬೆರಳೆಲ್ಲ ಮಸಿ.

ಕಾನೂನಿನ ಮಾತು: 1968ರ ಫೆಡರಲ್ ಕಾಯ್ದೆ ಚಕಮಕಿ ಕಲ್ಲಿನ ಇಂಥ ಕೋವಿಯನ್ನು ಪ್ರಾಚೀನ ಆಯುಧದ ಲೆಕ್ಕಕ್ಕೆ ಹಾಕುತ್ತೆ, ಮಾಮೂಲಿ ಬಂದೂಕಿನ ಲೆಕ್ಕಕ್ಕಲ್ಲ. ರಾಜ್ಯದ ನಿಯಮ ಬೇರೆ ಇರಬಹುದು, ನೋಡಿಕೊಳ್ಳಿ. ಊರಿಗೆ ಹೋಗಿ ಮಾಡೋಣ ಅಂದುಕೊಳ್ಳಬೇಡಿ. ಭಾರತದಲ್ಲಿ ಕೋವಿ ತಯಾರಿಸಲು ಪರವಾನಗಿ ಬೇಕು. ಕೊಡವರಿಗೆ ಇರುವ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ.

ಇನ್ನೊಂದು. ಹೊಸಬರೆಲ್ಲ ಹೆದರಿಕೊಂಡು ಮರ ಜಾಸ್ತಿ ಉಳಿಸುತ್ತಾರೆ. ಎರಡು ಚಳಿಗಾಲ ಕೂತು ಮುಗಿಸಿದ ನನ್ನ ಎರಡನೇ ಕೋವಿಯನ್ನು ಹಿರಿಯರೊಬ್ಬರಿಗೆ ತೋರಿಸಿದೆ. ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದರು. "ಚೆನ್ನಾಗಿದೆ. ಇದರೊಳಗೆ ಇನ್ನೊಂದು ತೆಳ್ಳಗಿನ ಕೋವಿ ಇದೆ, ಯಾವಾಗ ಹೊರಗೆ ತೆಗೀತೀಯ?" ಅಂದರು.